ಕಡಲಿನ ತಳದ ಪೆಟ್ಟಿಗೆ



ನಮ್ಮ ಶಿಗ್ಲಿಯು ಮಗ್ಗದ ಊರು; ಸಮುದ್ರದರ್ಶನವಾಗಬೇಕಾದರೆ ಘಟ್ಟವನ್ನಿಳಿದು ಹೋಗಬೇಕು. ಆದರೂ ಕಳೆದ ಸೂಟಿಯಲ್ಲಿ ಸಮುದ್ರವೇ ನಮ್ಮ ಪಡಸಾಲೆಗೆ ಬಂದಿತು. ಮೊಮ್ಮಕ್ಕಳು ಟೀವಿಯಲ್ಲಿ 'ಈಸಿ ಕಮ್, ಈಸಿ ಗೋ' ಎಂಬ 1967ನೆಯ ಇಸವಿಯ ಅಮೆರಿಕದ ಚಿತ್ರಪಟವನ್ನು ಹಚ್ಚಿದ್ದರು. ಎದ್ದು ಹೋಗಬೇಕೆಂದಿದ್ದವನು ಕಡೆಯ ವರೆಗೆ ಕುಳಿತೆನು.

ಪ್ರಸಿದ್ಧ ಗಾಯಕನಾದ ಎಲ್ವಿಸ್ ಪ್ರೀಸ್ಲಿಯು ಅದರಲ್ಲಿ ನೌಕಾದಳದ ಮುಳುಗುಗಾರನು. ಮುಳುಗಿದ ಹಡಗೊಂದರಲ್ಲಿ ಪೆಟ್ಟಿಗೆಯನ್ನು ಕಂಡು, ನೌಕರಿ ಮುಗಿದೊಡನೆ ಅದರ ಬೆನ್ನು ಹತ್ತುತ್ತಾನೆ. ನಡುನಡುವೆ ಹಾಡು, ಕುಣಿತ, ಪ್ರತಿಸ್ಪರ್ಧಿಗಳ ಕಪಟ. ಕಡೆಗೆ ಪೆಟ್ಟಿಗೆಯೇನೋ ಮೇಲಕ್ಕೆ ಬರುತ್ತದೆ. ಆದರೆ ಚಿನ್ನವೆಂದು ನಂಬಿದ ನಾಣ್ಯಗಳು ತಾಮ್ರದವು! ಬಂದಷ್ಟು ಹಣವು ಕಲಾಕೇಂದ್ರವೊಂದರ ಮುಂಗಡಕ್ಕೆ ಸಲ್ಲುತ್ತದೆ. ನಾಯಕನು ಹಾಡುವುದನ್ನು ಮಾತ್ರ ಬಿಡುವುದಿಲ್ಲ.

ನನಗೆ ವೇದಾಂತಿಗಳ ಶುಕ್ತಿರಜತದ ದೃಷ್ಟಾಂತವು ನೆನಪಾಯಿತು. ಹೊಳೆಯುವ ಸಿಂಪಿಯನ್ನು ಕಂಡವನು ಬೆಳ್ಳಿಯೆಂದು ಓಡುತ್ತಾನೆ. ಬಗ್ಗಿ ಕೈಗೆತ್ತಿಕೊಳ್ಳುವ ವರೆಗೆ ಅದು ಅವನಿಗೆ ಬೆಳ್ಳಿಯೇ.

ನಮ್ಮ ಕನ್ನಡದಲ್ಲಿಯೂ ಕಡಲಲ್ಲಿ ಮುಳುಗುವವನ ಚಿತ್ರಪಟವೊಂದುಂಟು. 1987ರಲ್ಲಿ ಶಂಕರ ನಾಗ್ ಅವರು ನಿರ್ದೇಶಿಸಿದ 'ಒಂದು ಮುತ್ತಿನ ಕಥೆ'ಯಲ್ಲಿ ಡಾ. ರಾಜಕುಮಾರರು ಮುತ್ತನ್ನು ಪಡೆದ ಬಡ ಬೆಸ್ತನಾಗಿದ್ದಾರೆ. ಅದಕ್ಕೆ ಪ್ರೇರಣೆಯಾದುದು ಜಾನ್ ಸ್ಟೈನ್‌ಬೆಕ್ಕರ 'ದಿ ಪರ್ಲ್' ಎಂಬ 1947ರ ಕಾದಂಬರಿ. ಅದರಲ್ಲಿ ಮುತ್ತು ಅಪ್ಪಟವಾದುದು. ಆದರೆ ಅದರಿಂದ ಮನೆ ಸುಡುತ್ತದೆ, ಕೂಸು ಸಾಯುತ್ತದೆ. ಕಡೆಗೆ ತಂದೆಯೇ ಅದನ್ನು ಕಡಲಿಗೆ ಎಸೆಯುತ್ತಾನೆ. ನಿಜವಾದ ಮುತ್ತು ಅಳಿಸಿತು, ಸುಳ್ಳು ಚಿನ್ನವು ನಗಿಸಿತು, ಇದೆಂತಹ ವಿಪರ್ಯಾಸ! ವಿಚಾರಿಸಿದರೆ ಕಾರಣವು ಲೋಹದಲ್ಲಿಲ್ಲ. ಗಾಯಕನು ಪೆಟ್ಟಿಗೆಗಾಗಿ ಪಣವಿಟ್ಟುದು ಕೆಲವು ದಿನಗಳನ್ನು. ಬೆಸ್ತನಾದರೋ ಮನೆಯನ್ನೇ ಇಟ್ಟನು.

ಈ ಮಾತನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಹಲವು ವರ್ಷಗಳ ಹಿಂದೆ ನೆರೆಯ ನೇಕಾರನೊಬ್ಬನು ಓಲೆಯೊಂದನ್ನು ತಂದು, "ಮಾಸ್ತರ, ಇದರಾಗ ಏನ ಬರದಾರ್ರಿ?" ಎಂದು ಕೇಳಿದನು. ಅವನ ಅಡಿಗೆಮನೆಯ ಕೆಳಗೆ ನಿಧಿಯಿದೆಯೆಂದು ಹೇಳಿದವನೊಬ್ಬನು ಅದನ್ನು ಕೊಟ್ಟಿದ್ದನಂತೆ. ಶ್ಲೋಕದಲ್ಲಿ ವಿಭಕ್ತಿಯಿಲ್ಲ, ಛಂದಸ್ಸಿಲ್ಲ. ಅದು ಕಪಟವೆಂದು ನೋಡಿದೊಡನೆ ತಿಳಿಯಿತು. ಆದರೆ ಅವನ ಕಣ್ಣಿನ ಆಸೆಯನ್ನು ಕಂಡು, ಮನಸ್ಸು ನೋಯಿಸಲಾರದೆ, "ಅರ್ಥವು ಅಸ್ಪಷ್ಟವಾಗಿದೆ" ಎಂದುಬಿಟ್ಟೆನು. ಅಸ್ಪಷ್ಟವೆಂದರೆ ಅವನಿಗೆ ರಹಸ್ಯವೆಂದೇ ಅರ್ಥವಾಯಿತು! ಎರಡು ಮಗ್ಗಗಳಲ್ಲಿ ಒಂದನ್ನು ಮಾರಿ ಆ ಧೂರ್ತನ ಕೈಗೆ ಹಣವಿತ್ತನು. ನೆಲವನ್ನಗೆದಾಗ ಸಿಕ್ಕಿದುದು ಮಣ್ಣು. ತಗ್ಗನ್ನು ಮುಚ್ಚಿ, ಉಳಿದ ಮಗ್ಗಕ್ಕೆ ಕುಳಿತವಳು ಅವನ ಹೆಂಡತಿ. ದಾಕ್ಷಿಣ್ಯವು ಸದ್ಗುಣವೇ, ಆದರೆ ಸಿಂಪಿಯನ್ನು ಸಿಂಪಿಯೆಂದು ಹೇಳಬೇಕಾದಾಗ ಅದು ಅಪರಾಧವಾಗುತ್ತದೆ.

ಮೊನ್ನೆ ಮೊಮ್ಮಕ್ಕಳು ಆ ಚಿತ್ರಪಟವನ್ನು ಮತ್ತೊಮ್ಮೆ ಹಚ್ಚಿದಾಗ ನೆರೆಯವನೂ ಬಂದು ಕುಳಿತನು. ತಾಮ್ರದ ನಾಣ್ಯಗಳು ಕಂಡಾಗ ಎಲ್ಲರಿಗಿಂತ ಮೊದಲು ನಕ್ಕವನು ಅವನೇ. "ಇವನ ಪುಣ್ಯಾ ನೋಡ್ರಿ ಮಾಸ್ತರ, ತಾಮ್ರಾನಾದ್ರೂ ಸಿಕ್ತು!" ಎಂದನು.

ಮಕ್ಕಳೆಲ್ಲ ನಕ್ಕರು. ನಾನು ಮಾತ್ರ ನಗಲಾರದೆ ಹೋದೆನು.