ಜಂಪ್ ಶಾಟ್‌ಗೆ ಒಂದೇ ಅಚ್ಚು ಬೇಡ

ಬ್ಯಾಸ್ಕೆಟ್‌ಬಾಲ್ ಪಾಠಯೋಜನೆಗಳಲ್ಲಿ ‘ಜಿಗಿತದ ತುದಿಯಲ್ಲೇ ಚೆಂಡು ಬಿಡಬೇಕು’ ಎಂಬುದು ನಿಯಮದಂತೆ ಬರುತ್ತದೆ. ಹಾಗೆ ಮಾಡದ ವಿದ್ಯಾರ್ಥಿಗೆ ಅಂಕ ಕಡಿಮೆ. ನನ್ನ ಅಭಿಪ್ರಾಯದಲ್ಲಿ ಇದು ಸರಿಯಲ್ಲ. ಎನ್‌ಬಿಎ ಲೀಗ್ ಹಂತದಲ್ಲಿ 2,973 ತ್ರೀ ಪಾಯಿಂಟರ್ ಹಾಕಿದ ರೇ ಅಲೆನ್ ಎತ್ತರಕ್ಕೆ ಜಿಗಿದು, ತುದಿಯ ಬಳಿ ಚೆಂಡು ಬಿಡುತ್ತಿದ್ದರು. 2021ರಲ್ಲಿ ಆ ದಾಖಲೆ ಮುರಿದ ಸ್ಟೀಫನ್ ಕರಿ ಮೇಲೇರುತ್ತಿರುವಾಗಲೇ ಬಿಡುತ್ತಾರೆ. ತುದಿಯಲ್ಲಿ ಬಿಟ್ಟ ಚೆಂಡನ್ನು ತಡೆಯುವುದು ಎದುರಾಳಿಗೆ ಕಷ್ಟ, ನಿಜ. ಆದರೆ ಮೇಲೇರುವಾಗಲೇ ಬಿಟ್ಟರೆ ಕಾಲಿನ ಬಲವೂ ಚೆಂಡಿಗೆ ಸಿಗುತ್ತದೆ. ತೋಳಿನಲ್ಲಿ ಇನ್ನೂ ಕಸುವು ತುಂಬದ ಪ್ರೌಢಶಾಲಾ ಮಕ್ಕಳಿಗೆ ಇದೇ ಅನುಕೂಲ. ಸಮತೋಲನ, ಮೊಣಕೈಯ ದಿಕ್ಕು, ಮಣಿಕಟ್ಟಿನ ಪೂರ್ಣ ಚಲನೆ, ಇವಕ್ಕೆ ಅಂಕ ಕೊಡೋಣ. ಚೆಂಡು ಬಿಡುವ ಕ್ಷಣವನ್ನು ವಿದ್ಯಾರ್ಥಿಯೇ ಆರಿಸಿಕೊಳ್ಳಲಿ; ಅದು ಪ್ರತಿ ಸಲವೂ ಒಂದೇ ರೀತಿ ಬರುತ್ತಿದೆಯೇ ಎಂಬುದನ್ನಷ್ಟೇ ನೋಡೋಣ.