ಪ್ರಯೋಗಪೆಟ್ಟಿಗೆಯ ಎರಡನೇ ವರ್ಷ

ಐದು ವರ್ಷಗಳಲ್ಲಿ ದೇಶದ ಸರ್ಕಾರಿ ಶಾಲೆಗಳಲ್ಲಿ 50 ಸಾವಿರ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳನ್ನು ತೆರೆಯುವುದಾಗಿ 2025ರ ಕೇಂದ್ರ ಬಜೆಟ್ ಘೋಷಿಸಿತು. 2016ರಲ್ಲಿ ಶುರುವಾದ ಈ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ. ಅದರಲ್ಲಿ ಹತ್ತು ಲಕ್ಷ ತ್ರಿ-ಡಿ ಪ್ರಿಂಟರ್, ಸೆನ್ಸರ್, ರೋಬೊ ಕಿಟ್‌ಗಳಂಥ ಸಲಕರಣೆಗೆ, ಇನ್ನು ಹತ್ತು ಲಕ್ಷ ಗರಿಷ್ಠ ಐದು ವರ್ಷಗಳ ನಿರ್ವಹಣೆಗೆ. ಇಷ್ಟು ದೊಡ್ಡ ಮೊತ್ತ ಹಳ್ಳಿಯ ಮಕ್ಕಳ ವಿಜ್ಞಾನ ಕಲಿಕೆಗೆ ಬರುವುದು ಸಂತೋಷದ ಸಂಗತಿ. ಆದರೆ ಉದ್ಘಾಟನೆಯ ದಿನ ಯಾವ ಪ್ರಯೋಗಾಲಯವೂ ಚೆನ್ನಾಗಿಯೇ ಕಾಣುತ್ತದೆ. ಮೊದಲ ಸೆನ್ಸರ್ ಕೆಟ್ಟಾಗ, ತರಬೇತಿ ಪಡೆದ ಶಿಕ್ಷಕಿಗೆ ವರ್ಗವಾದಾಗ ಏನಾಗುತ್ತದೆ ಎಂಬುದನ್ನು ನೋಡಿ ಅದರ ಬೆಲೆ ಕಟ್ಟಬೇಕು.

ಕಲಿಕಾ ಸಾಮಗ್ರಿಯೇ ಇಲ್ಲ ಎಂದು ಕೊರಗುವ ಸ್ಥಿತಿ ಈಗ ಇಲ್ಲ. 2017ರಲ್ಲಿ ಬಂದ ದೀಕ್ಷಾ ಡಿಜಿಟಲ್ ವೇದಿಕೆಯ ಪಾಠಗಳಿಗೆ ಪಠ್ಯಪುಸ್ತಕದ ಕ್ಯೂಆರ್ ಕೋಡ್ ದಾರಿ ತೋರಿಸುತ್ತದೆ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ಫೆಟ್ ಯೋಜನೆಯ ಹಲವು ಅನುಕರಣ ಪ್ರಯೋಗಗಳು ಕನ್ನಡದಲ್ಲೇ ಉಚಿತವಾಗಿ ಸಿಗುತ್ತವೆ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣಕ್ಕೆ ನಮ್ಮ ಸರ್ಕಾರಿ ಶಾಲೆಗಳ ಶಿಕ್ಷಕರೇ ಪಾಠ ಬರೆದು ತುಂಬಿದ್ದಾರೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಪತ್ರಿಕೆಗೆ ಜೆ.ಆರ್. ಲಕ್ಷ್ಮಣರಾವ್, ಅಡ್ಯನಡ್ಕ ಕೃಷ್ಣಭಟ್ಟರಂಥವರು ಆಯುಷ್ಯವನ್ನೇ ಧಾರೆ ಎರೆದರು. ಅಗಸ್ತ್ಯ ಪ್ರತಿಷ್ಠಾನದ ಸಂಚಾರಿ ಪ್ರಯೋಗಾಲಯಗಳು ಊರೂರಿಗೆ ಹೋಗುತ್ತವೆ.

ಇಷ್ಟಿದ್ದೂ ಬಹಳಷ್ಟು ತರಗತಿಗಳಲ್ಲಿ ವಿಜ್ಞಾನವೆಂದರೆ ಕಪ್ಪುಹಲಗೆಯ ಮೇಲಿನ ಚಿತ್ರ ಮತ್ತು ಬಾಯಿಪಾಠ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಪ್ರೌಢಶಾಲೆಗಳಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕರು, ಸಿಬಿಝೆಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಶಿಕ್ಷಕರು ಎಂಬ ವಿಂಗಡಣೆಯಿದೆ. ಪಿಸಿಎಂ ಹುದ್ದೆ ಖಾಲಿಯಿದ್ದರೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿ ಬಂದವರ ಪಾಲಿಗೆ ವಿದ್ಯುತ್ ಮಂಡಲದ ಪಾಠವೂ ಬೀಳುತ್ತದೆ. ಫೆಟ್‌ನಂಥ ಅನುಕರಣ ಪ್ರಯೋಗದಲ್ಲಾದರೆ ಪರದೆಯ ಮೇಲೆ ತಂತಿ ಎಳೆದು ಕೋಶಕ್ಕೆ ಜೋಡಿಸಿದ ಕೂಡಲೇ ಬಲ್ಬ್ ಉರಿಯುತ್ತದೆ. ಕೈಯಲ್ಲಿ ಜೋಡಿಸಿದಾಗ ಉರಿಯುವುದಿಲ್ಲ. ಕೋಶ ಮುಗಿದಿದೆಯೇ, ತಂತಿಯ ಮೇಲಿನ ಹೊದಿಕೆಯನ್ನು ಪೂರ್ತಿ ಕೆರೆದಿಲ್ಲವೇ, ಬಲ್ಬಿನ ಒಳಗಿನ ಎಳೆ ಕಡಿದಿದೆಯೇ? ಒಂದೊಂದನ್ನೇ ಬದಲಿಸಿ ನೋಡುತ್ತ ಕಾರಣ ಹಿಡಿಯುವ ಆ ಕಾಲು ಗಂಟೆಯಲ್ಲೇ ಮಗು ವಿಜ್ಞಾನ ಕಲಿಯುತ್ತದೆ. ಅದೇ ಕಾಲು ಗಂಟೆ ಶಿಕ್ಷಕಿಗೆ ಕಷ್ಟದ್ದು, ಏಕೆಂದರೆ ನಲವತ್ತು ಮಕ್ಕಳು ಅವರ ಮುಖವನ್ನೇ ನೋಡುತ್ತಿರುತ್ತಾರೆ. ತನಗೂ ಉತ್ತರ ಗೊತ್ತಿಲ್ಲ ಎಂದು ಅವರು ಧೈರ್ಯವಾಗಿ ಹೇಳಿ, ಮರುವಾರ ಉತ್ತರ ತರಬೇಕಾದರೆ ಯಾರನ್ನಾದರೂ ಕೇಳುವ ದಾರಿ ಇರಬೇಕು. ವಿಡಿಯೊಗೆ ತಿರುಗಿ ಪ್ರಶ್ನೆ ಹಾಕಲು ಆಗುವುದಿಲ್ಲ.

ಆ ದಾರಿಯನ್ನು ಸರ್ಕಾರಿ ಶಾಲೆಗಳಲ್ಲೇ ಮೂರು ದಶಕ ತೆರೆದಿಟ್ಟ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಮಧ್ಯಪ್ರದೇಶದ ಹೋಶಂಗಾಬಾದ್‌ನಲ್ಲಿ (ಈಗಿನ ನರ್ಮದಾಪುರಂ) 1972ರಲ್ಲಿ ಕಿಶೋರ್ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು 16 ಶಾಲೆಗಳ ಆರರಿಂದ ಎಂಟನೇ ತರಗತಿಗಳಲ್ಲಿ ವಿಜ್ಞಾನ ಬೋಧನೆಯ ಪ್ರಯೋಗ ಕೈಗೊಂಡವು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬಿಟ್ಟು ಬಂದ ಅನಿಲ್ ಸದ್ಗೋಪಾಲ್ ಇದರ ಹಿಂದಿದ್ದರು. ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರು ಬಂದು ಶಿಕ್ಷಕರ ಜೊತೆ ನೆಲದ ಮೇಲೆ ಕೂತು ಪ್ರಯೋಗ ಮಾಡಿದರು. 1978ರಲ್ಲಿ ಅದು ಇಡೀ ಜಿಲ್ಲೆಗೆ ಹಬ್ಬಿತು, 1982ರಿಂದ ಏಕಲವ್ಯ ಸಂಸ್ಥೆ ಹೊಣೆ ಹೊತ್ತಿತು. ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಗೆ ಬೆಂಕಿಕಡ್ಡಿ ಸಿಕ್ಕಿಸಿ ಜ್ಯಾಮಿತಿಯ ಆಕೃತಿ ಕಟ್ಟುವ ಅರವಿಂದ ಗುಪ್ತಾ ಅವರ ಆಟಿಕೆಗಳು ಹುಟ್ಟಿದ್ದೂ ಈ ನೆಲದಲ್ಲೇ.

ಆಟಿಕೆಗಳು ಎಲ್ಲರಿಗೂ ಗೊತ್ತು. ಅವುಗಳ ಬೆನ್ನಿಗಿದ್ದ ವ್ಯವಸ್ಥೆಯನ್ನು ನಾವು ಗಮನಿಸಿದ್ದು ಕಡಿಮೆ. ಬೇಸಿಗೆ ರಜೆಯಲ್ಲಿ ಶಿಕ್ಷಕರು ಮಕ್ಕಳು ಮಾಡಬೇಕಾದ ಪ್ರಯೋಗಗಳನ್ನೆಲ್ಲ ತಾವೇ ಮಾಡಿ ನೋಡುತ್ತಿದ್ದರು. ಆಮೇಲೆ ತಿಂಗಳಿಗೊಮ್ಮೆ ಸುತ್ತಲಿನ ಶಾಲೆಗಳವರು ಒಂದೆಡೆ ಸೇರಿ ತರಗತಿಯಲ್ಲಿ ಏನು ಕೈಕೊಟ್ಟಿತು, ಮಕ್ಕಳು ಏನು ಕೇಳಿದರು ಎಂದು ಚರ್ಚಿಸುತ್ತಿದ್ದರು. ಬಳಸಿ ಮುಗಿದ ಸಾಮಗ್ರಿಯನ್ನು ಮತ್ತೆ ತುಂಬಿಸಿಕೊಡುವ ಏರ್ಪಾಡಿತ್ತು. ಮಕ್ಕಳು ‘ಸವಾಲಿರಾಮ’ ಎಂಬ ಕಾಲ್ಪನಿಕ ವ್ಯಕ್ತಿಗೆ ಪತ್ರ ಬರೆದು ಪ್ರಶ್ನೆ ಕೇಳಿದರೆ ಅಂಚೆಯಲ್ಲಿ ಉತ್ತರ ಬರುತ್ತಿತ್ತು. ‘ಬಾಲ ವೈಜ್ಞಾನಿಕ’ ಕಾರ್ಯಪುಸ್ತಕವನ್ನು ತರಗತಿಯ ಅನುಭವ ನೋಡಿಕೊಂಡು ತಿದ್ದಿದರು. ಎಲ್ಲಕ್ಕಿಂತ ದಿಟ್ಟ ಹೆಜ್ಜೆ ಪರೀಕ್ಷೆಯದು. ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡೇ ಉತ್ತರ ಬರೆಯಬಹುದಿತ್ತು, ಜೊತೆಗೆ ಪ್ರಯೋಗ ಮಾಡಿ ತೋರಿಸುವ ಪರೀಕ್ಷೆಯೂ ಇತ್ತು. 2002ರಲ್ಲಿ ರಾಜ್ಯ ಸರ್ಕಾರ ಕಾರ್ಯಕ್ರಮವನ್ನೇ ನಿಲ್ಲಿಸಿ ಆ ಶಾಲೆಗಳಿಗೆ ರಾಜ್ಯದ ಉಳಿದ ಶಾಲೆಗಳ ಪಠ್ಯಪುಸ್ತಕವನ್ನೇ ತಂದಿತು. ಸಾವಿರಾರು ಶಿಕ್ಷಕರ ಅಷ್ಟು ವರ್ಷಗಳ ದುಡಿಮೆ ಒಂದು ಆದೇಶದಲ್ಲಿ ಮುಗಿದುಹೋದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಕರ್ನಾಟಕಕ್ಕೆ ಹೋಶಂಗಾಬಾದ್‌ನ ನಕಲು ಬೇಡ. ಆ ವ್ಯವಸ್ಥೆಯ ಬಿಡಿಭಾಗಗಳು ನಮ್ಮಲ್ಲಿ ಆಗಲೇ ಇವೆ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಿವೆ, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಿದ್ದಾರೆ (ಸಿಆರ್‌ಪಿ), ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಿವೆ (ಡಯಟ್). ಸಭೆಯ ಹೊತ್ತು ಸುತ್ತೋಲೆ ಓದುವುದರಲ್ಲಿ, ಮಾಹಿತಿ ನಮೂನೆ ತುಂಬುವುದರಲ್ಲಿ ಕರಗದಂತೆ ನೋಡಿಕೊಳ್ಳಬೇಕು. ತಾಲ್ಲೂಕಿನ ವಿಜ್ಞಾನ ಶಿಕ್ಷಕರು ತಿಂಗಳಿಗೆ ಅರ್ಧ ದಿನ ಮುಂದಿನ ತಿಂಗಳ ಪ್ರಯೋಗಗಳನ್ನು ಮಾಡಿ ನೋಡಿಕೊಂಡರೆ ಸಾಕು, ಜೀವಶಾಸ್ತ್ರದ ಶಿಕ್ಷಕಿಗೆ ಬಲ್ಬಿನ ಭಯ ಬಿಡುತ್ತದೆ. ಹತ್ತಿರದ ಪದವಿ ಕಾಲೇಜಿನ ಅಧ್ಯಾಪಕರೊಬ್ಬರು ಆ ಸಭೆಗೆ ಬಂದರೆ ಇನ್ನೂ ಒಳ್ಳೆಯದು.

ದಾಸ್ತಾನು ವಹಿಯ ವಿಷಯ ಕೇಳಲು ಸಣ್ಣದು, ಆದರೆ ಪ್ರಯೋಗ ಸಾಮಗ್ರಿಯ ಬೀರುವಿಗೆ ಬೀಗ ಬೀಳಲು ಅದೇ ಕಾರಣ. ಒಡೆದ ಪ್ರನಾಳಕ್ಕೆ ಲೆಕ್ಕ ಕೊಡಬೇಕಾದ ಶಿಕ್ಷಕರು ಅದನ್ನು ಮಕ್ಕಳ ಕೈಗೆ ಕೊಡಲು ಹಿಂಜರಿಯುವುದು ಸಹಜ. ವರ್ಷಕ್ಕೆ ಇಷ್ಟು ಒಡೆಯಬಹುದು, ಇಷ್ಟು ಖರ್ಚಾಗಬಹುದು ಎಂದು ಮೊದಲೇ ಒಪ್ಪಿ, ಜೂನ್ ತಿಂಗಳಲ್ಲೇ ಮರುಪೂರೈಕೆಯ ಹಣವನ್ನು ಶಾಲೆಗೆ ಕೊಡಲಿ. ಏನೂ ಒಡೆಯದ ಶಾಲೆಯಲ್ಲಿ ಯಾಕೆ ಒಡೆಯಲಿಲ್ಲ ಎಂದು ಅಧಿಕಾರಿಗಳು ವಿಚಾರಿಸಲಿ.

ಉಳಿದದ್ದು ಪರೀಕ್ಷೆ. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ಆ ಇಪ್ಪತ್ತರಲ್ಲಿ ಹತ್ತನ್ನಾದರೂ ಪಕ್ಕದ ಶಾಲೆಯ ಶಿಕ್ಷಕರೊಬ್ಬರ ಎದುರು ಮಗು ತಾನೇ ಮಾಡಿ ತೋರಿಸುವ ಪ್ರಯೋಗಕ್ಕೆ ಮೀಸಲಿಡಬಹುದು. ನೋಟ್‌ಬುಕ್ ನೋಡಿಕೊಳ್ಳಲಿ, ಫಲಿತಾಂಶ ತಪ್ಪಾದರೂ ಯಾಕೆ ತಪ್ಪಾಯಿತು ಎಂದು ಹೇಳಿದರೆ ಅಂಕ ಸಿಗಲಿ. ಎಂಟನೇ ತರಗತಿಯಲ್ಲಿ ಆರಂಭಿಸಿದರೆ ಮೂರನೇ ವರ್ಷಕ್ಕೆ ಅದೇ ಮಕ್ಕಳು ಎಸ್ಸೆಸ್ಸೆಲ್ಸಿಗೆ ಬಂದಿರುತ್ತಾರೆ. ಅಷ್ಟರೊಳಗೆ ಯಾವ ಶಾಲೆಯಲ್ಲಿ ಅಮ್ಮೀಟರ್ ಇಲ್ಲ, ಎಲ್ಲಿ ಪಿಸಿಎಂ ಹುದ್ದೆ ಖಾಲಿಯಿದೆ ಎಂಬ ಪಟ್ಟಿಯನ್ನು ಪೋಷಕರೇ ಹಿಡಿದುಕೊಂಡು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಬರುತ್ತಾರೆ.