ಪಹಣಿ ಅಜ್ಜನ ಹೆಸರಲ್ಲಿ, ಗೇಯೋದು ನಾವು

2023ರ ಬರ ನೆನಪಿದೆಯಲ್ಲ? ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದ ವರ್ಷ. ನಮ್ಮ ಮೂರೂವರೆ ಎಕರೆ ರಾಗಿ ತೆನೆ ಕಟ್ಟದೆ ಒಣಗಿತು. ಪರಿಹಾರ ಬಂತು, ಆದರೆ ಅಪ್ಪನ ಹೆಸರಲ್ಲಿರುವ ಒಂದೂವರೆ ಎಕರೆಗೆ ಮಾತ್ರ. ಉಳಿದ ಎರಡು ಎಕರೆಯ ಪಹಣಿಯಲ್ಲಿ ಇವತ್ತಿಗೂ ಅಜ್ಜನ ಹೆಸರಿದೆ. ಅವರು ತೀರಿಕೊಂಡು ಹತ್ತು ವರ್ಷ ಆಗ್ತಾ ಬಂತು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ ಲೆಕ್ಕ. ಅಂದರೆ ಸುಮಾರು 6,800 ರೂಪಾಯಿ ಕೈತಪ್ಪಿತು. ತೋಟಗಾರಿಕೆ ಪದವಿ ಓದಿದವನು ನಾನು. ಜೀವಾಮೃತಕ್ಕೆ ಎಷ್ಟು ಬೆಲ್ಲ ಅಂತ ಕೇಳಿದ್ರೆ ನಿದ್ದೆಗಣ್ಣಲ್ಲೂ ಹೇಳ್ತೀನಿ. ನಮ್ಮ ಎಫ್‌ಐಡಿಗೆ ಯಾವ ಸರ್ವೆ ನಂಬರ್ ಸೇರಿದೆ ಅಂತ ಮಾತ್ರ ಒಮ್ಮೆಯೂ ನೋಡಿರಲಿಲ್ಲ.

ಹಣ ನೇರ ಬ್ಯಾಂಕ್ ಖಾತೆಗೆ ಬರೋದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಂಪ್ಯೂಟರಿಗೆ ಗೊತ್ತಿರೋ ರೈತ ಅಂದ್ರೆ ಪಹಣಿಯಲ್ಲಿ ಹೆಸರಿರೋನು. ಪಿಎಂ-ಕಿಸಾನ್‌ನ ವರ್ಷದ 6,000 ರೂಪಾಯಿಯೂ ಜಮೀನು ಹೆಸರಲ್ಲಿದ್ದವರಿಗೇ.

ಹಾಗಾಗಿ ಮೊದಲು ಪೌತಿ ಖಾತೆ ಮಾಡಿಸಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ ಹಿಡಿದು ನಾಡಕಚೇರಿಗೆ ಹೋಗಿ. ಓಡಾಟ ಇದೆ, ಇಲ್ಲ ಅನ್ನಲ್ಲ. ಅದಕ್ಕಿಂತ ಕಷ್ಟ ಮನೆಯೊಳಗಿನ ಮಾತುಕತೆ. "ಈಗಲೇ ಪಾಲು ಕೇಳ್ತಿದ್ದಾನೆ" ಅಂತ ಚಿಕ್ಕಪ್ಪಂದಿರು ಮುನಿಸಿಕೊಳ್ತಾರೆ. ಪೌತಿಯಲ್ಲಿ ವಾರಸುದಾರರೆಲ್ಲರ ಹೆಸರು ಜಂಟಿಯಾಗಿ ಬರುತ್ತೆ, ಅದು ವಿಭಾಗ ಅಲ್ಲ ಅಂತ ಸಮಾಧಾನವಾಗಿ ಹೇಳಿ. ಅತ್ತೆಯರ ಹೆಸರು ವಂಶವೃಕ್ಷದಿಂದ ಬಿಡಿಸೋಣ ಅನ್ನೋ ಬುದ್ಧಿವಂತರೂ ಸಿಗ್ತಾರೆ, ಅವರ ಮಾತು ಕೇಳಬೇಡಿ. ಹೆಣ್ಣುಮಕ್ಕಳಿಗೂ ಹಕ್ಕಿದೆ; ಮುಚ್ಚಿಟ್ಟರೆ ನಾಳೆ ಕೋರ್ಟಿಗೆ ಅಲೆಯೋರು ನೀವೇ. ಖಾತೆ ಆದಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಎಲ್ಲ ಸರ್ವೆ ನಂಬರ್‌ಗಳನ್ನೂ ಎಫ್‌ಐಡಿಗೆ ಸೇರಿಸಿ. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಫೋಟೊ ನೀವೇ ಹಾಕಿ. ರೀಲ್ಸ್ ನೋಡೋ ಹೊತ್ತಿನಲ್ಲಿ ಕಾಲು ಭಾಗ ಸಾಕು.

ಆದರೆ ಗುತ್ತಿಗೆಗೆ ಮಾಡೋರಿಗೆ ಏನು ಹೇಳಲಿ? ನಮ್ಮ ಪಕ್ಕದ ಹೊಲದ ಹುಡುಗ ಮೂರು ಎಕರೆ ಗುತ್ತಿಗೆ ಹಿಡಿದು ಟೊಮೆಟೊ ಹಾಕ್ತಾನೆ. ಬೀಜ, ಕೋಲು, ದಾರ, ಸಾಲ ಎಲ್ಲ ಅವನದು. ಬೆಳೆ ಹೋದರೆ ಪರಿಹಾರ ಬೆಂಗಳೂರಲ್ಲಿರೋ ಜಮೀನಿನವರ ಖಾತೆಗೆ. 1974ರಿಂದ ನಮ್ಮ ರಾಜ್ಯದಲ್ಲಿ ಕೃಷಿ ಜಮೀನು ಗೇಣಿಗೆ ಕೊಡೋದೇ ನಿಷಿದ್ಧ. ಅಂದು ಉಳುವವನನ್ನು ಕಾಪಾಡೋಕೆ ತಂದ ಕಾನೂನು ಅದು, ಇವತ್ತು ಉಳುವವನೇ ಕಾಗದದಲ್ಲಿಲ್ಲ. ಎಲ್ಲ ಬಾಯಿಮಾತಿನ ವ್ಯವಹಾರ. ಆಂಧ್ರದವರು 2019ರಲ್ಲಿ ಕಾಯ್ದೆ ತಂದು, ಮಾಲೀಕರ ಹಕ್ಕಿಗೆ ಧಕ್ಕೆ ಇಲ್ಲದಂತೆ ಗೇಣಿದಾರರಿಗೆ 11 ತಿಂಗಳ ಸಾಗುವಳಿ ಕಾರ್ಡ್ ಕೊಟ್ಟರು. ಮಾಲೀಕ ಒಪ್ಪಬೇಕು ಅನ್ನೋ ತೊಡಕು ಅಲ್ಲೂ ಇದೆ. ಆದರೂ ದಾರಿ ಅಂತ ಒಂದಿದೆಯಲ್ಲ. ನಮ್ಮಲ್ಲೂ ಅಂಥದ್ದು ಬರಲಿ ಅಂತ ಮುಂದಿನ ಗ್ರಾಮಸಭೆಯಲ್ಲಿ ಎದ್ದು ಕೇಳಿ, ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿ.

ನಮ್ಮ ಮನೆ ಅರ್ಜಿಗೆ ಇನ್ನೊಬ್ಬ ಚಿಕ್ಕಪ್ಪನ ಸಹಿ ಬಾಕಿ. ಭಾನುವಾರ ಹೋಗ್ತಿದ್ದೀನಿ. ಬರಿಗೈಲಿ ಹೋಗಬೇಡ ಅಂತ ಅಮ್ಮ ಒಂದು ನಾಟಿ ಕೋಳಿ ಹಿಡಿದಿಟ್ಟಿದ್ದಾರೆ.